ಬಲಮಗ್ಗುಲಿನ ಹೊಲಿಗೆ

"ಕೈ ಸ್ವಲ್ಪ ಎತ್ತಿ ಹಿಡಿಯೇ," ಎಂದಳು ತಾಯಿ. ಮಗಳು ಅಪ್ಪನ ತಣ್ಣಗಿನ ಎಡಗೈ ಎತ್ತಿದಳು. ಮೂವತ್ತೆಂಟು ವರ್ಷ ಊರಿಗೆಲ್ಲ ಅಂಗಿ ಹೊಲಿದ ದರ್ಜಿಗೆ ಅಂಗಿ ತೊಡಿಸುವುದು ಇಷ್ಟು ಕಷ್ಟವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಅಮ್ಮಾ, ಇದು ಬೇಡ. ಎಡಮಗ್ಗುಲಿನ ಹೊಲಿಗೆ ನೋಡು, ಎಲ್ಲೆಲ್ಲೋ ಹೋಗಿದೆ."

"ಬಿಕ್ಕಳಿಸಿದಾಗೆಲ್ಲ ಬಟ್ಟೆ ಜಾರೋದು. ಇರ್ಲಿ ಬಿಡು, ಕೊನೆಗೆ ತಮಗೇ ಅಂತ ಹೊಲ್ಕೊಂಡಿದ್ದು ಇದೊಂದೇ."

ಬಾಗಿಲ ಬಳಿ ಅತ್ತು ಅತ್ತು ಮೈದುನನಿಗೆ ಬಿಕ್ಕಳಿಕೆ ಹತ್ತಿತು. ಕೂತವರೆಲ್ಲ ಅತ್ತ ತಿರುಗಿದರು. ಈ ಮನೆಗೆ ಆ ಸದ್ದು ಸಾಕುಸಾಕಾಗಿತ್ತು.

"ನೀರು ಕುಡಿಯಪ್ಪಾ," ಎಂದರು ಯಾರೋ.

"ನೀರು, ಸಕ್ಕರೆ, ಉಸಿರು ಕಟ್ಟೋದು, ಎಲ್ಲಾ ಆಗಿದೆ ಇಲ್ಲಿ," ಎಂದಳು ತಾಯಿ, ದಣಿದ ದನಿಯಲ್ಲಿ. "ಎರಡು ದಿನದಲ್ಲಿ ನಿಲ್ದಿದ್ರೆ ಸೀದಾ ಡಾಕ್ಟರ ಹತ್ರ ಹೋಗು."

*

ದರ್ಜಿ ಡಾಕ್ಟರ ಹತ್ತಿರ ಹೋದದ್ದು ಬಿಕ್ಕಳಿಕೆ ಹತ್ತಿದ ಇಪ್ಪತ್ತೆರಡನೆಯ ದಿನ. ಮೊದಮೊದಲು ತಮಾಷೆಯೇ. ಹೆಂಡತಿ ಹಿಂದಿನಿಂದ ಬಂದು ತಟ್ಟೆ ಬಡಿದರೆ, "ನಿನ್ನ ಕಟ್ಕೊಂಡ ಮೇಲೆ ಯಾವುದಕ್ಕೂ ಹೆದರಿಲ್ಲ ಕಣೇ," ಎಂದು ಅವರು ನಗುತ್ತಿದ್ದರು. ಆಮೇಲೆ ಊಟ ಸೇರದಾಯಿತು, ಇಬ್ಬರಿಗೂ ನಿದ್ದೆಯಿಲ್ಲ. ಒಂದು ದಿನ ಆಕೆ ರೇಗಿಬಿಟ್ಟಳು: "ಅಂಗಡೀಲೇ ಮಲಕ್ಕೊಳ್ಳಿ, ಹೋಗಿ! ನಾನಾದ್ರೂ ಬದುಕ್ತೀನಿ." ಅವರು ದಿಂಬು ಎತ್ತಿಕೊಂಡು ಹೋದರು.

"ಎಷ್ಟು ದಿನದಿಂದ?" ಹೊಟ್ಟೆ ಒತ್ತಿ ನೋಡುತ್ತ ಡಾಕ್ಟರು ಕೇಳಿದರು.

"ಎರಡು ಮೂರು ದಿನ," ಎಂದರು ದರ್ಜಿ. ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು.

"ಇಪ್ಪತ್ತೆರಡು," ಎಂದಳು ಹೆಂಡತಿ.

ಡಾಕ್ಟರ ಕೈ ಅಲ್ಲೇ ನಿಂತಿತು. ರಕ್ತ ಪರೀಕ್ಷೆಯಾಯಿತು, ಸ್ಕ್ಯಾನ್ ಆಯಿತು. ಯಕೃತ್ತಿನಲ್ಲಿ ಗಡ್ಡೆ, ಅದು ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು ಒತ್ತುತ್ತಿತ್ತು. ಗಡ್ಡೆಗೆ ಮಾಡುವುದೇನೂ ಉಳಿದಿರಲಿಲ್ಲ, ಬಿಕ್ಕಳಿಕೆಗೆ ಮಾತ್ರೆ ಬರೆದುಕೊಟ್ಟರು.

"ಬೇಗ ಬಂದಿದ್ರೆ?"

"ಇದು ಇಪ್ಪತ್ತು ದಿನದ ಗಡ್ಡೆಯಲ್ಲಮ್ಮ. ಆದ್ರೆ ಅಷ್ಟು ದಿನದ ಹಿಂಸೆ ತಪ್ಪುತ್ತಿತ್ತು."

ಮಾತ್ರೆ ಶುರುವಾದ ಮೇಲೂ ಅವರು ಅಂಗಡಿಯಲ್ಲೇ ಮಲಗಿದರು, ಒಂದು ಮಗ್ಗುಲು ಹೊಲಿದು ಬಿಟ್ಟಿದ್ದ ತಮ್ಮ ಅಂಗಿಯನ್ನು ಅಲ್ಲೇ ಕೂತು ಮುಗಿಸಿದರು. "ನಿಂತಿತಾ?" ಎಂದು ಆಕೆ ಕೇಳಿದರೆ, "ಹೂಂ, ನಿಂತಿದೆ ಕಣೇ," ಎನ್ನುವರು. ಎರಡು ಮೂರು ದಿನ ಅನ್ನುವವರ ಮಾತನ್ನು ಹೇಗೆ ನಂಬುವುದು? ವಾರದೊಳಗೆ ಆಸ್ಪತ್ರೆ ಸೇರಿದವರು ಮತ್ತೆ ಅಂಗಡಿಗೆ ಬರಲಿಲ್ಲ.

*

"ಅಪ್ಪ ಒಂದಿನಾನಾದ್ರೂ ನೆಮ್ಮದಿಯಾಗಿದ್ರಾ, ಅಮ್ಮಾ?"

ಆಕೆಗೆ ಗೊತ್ತಿರಲಿಲ್ಲ. ಅದೇ ಸಂಕಟ ಆಕೆಯನ್ನು ತಿನ್ನುತ್ತಿತ್ತು. ಹೊರಗೆ ಗಾಡಿ ಬಂದು ನಿಂತಿತು. ಬಲಗೈ ತೋಳಿಗೆ ಸೇರಿಸಿ, ಅಂಗಿಯ ಸುಕ್ಕು ಎಳೆದು ಸರಿಮಾಡುವಾಗ ಆಕೆಯ ಬೆರಳು ಬಲಮಗ್ಗುಲಿನ ಹೊಲಿಗೆಗೆ ತಾಗಿತು.

ಕಂಕುಳಿಂದ ಅಂಚಿನವರೆಗೆ ಆ ಹೊಲಿಗೆ ನೇರವಾಗಿತ್ತು. ಒಂದು ಕಡೆಯೂ ಜಾರಿರಲಿಲ್ಲ.

"ಹೊತ್ತಾಯ್ತು ಅತ್ತಿಗೆ," ಎಂದ ಮೈದುನ. ಆಕೆ ಬೆರಳನ್ನು ಮತ್ತೆ ಕಂಕುಳಿಗೆ ಒಯ್ದು, ನಿಧಾನವಾಗಿ, ಇನ್ನೊಮ್ಮೆ ಕೆಳಗಿಳಿಸಿದಳು.