ಹಸಿರು ಚುಕ್ಕೆಯ ನಲ್ಲಿ

ಮೇಲಿನವರ ಮುಂದೆ 'ಆಗಲ್ಲ' ಅನ್ನುವ ಧೈರ್ಯ ಅವನಿಗೆ ಇರಲಿಲ್ಲ. ನಗರಸಭೆಯ ವೆಬ್‌ಸೈಟಿಗೆ ನಕ್ಷೆ ಮಾಡುವುದು ಅವನ ಕೆಲಸ. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಪೈಪು ಸಿಕ್ಕಿಸುವ ರಸ್ತೆಬದಿಯ ದಪ್ಪ ನಲ್ಲಿಗಳನ್ನೆಲ್ಲ ನಕ್ಷೆಗೆ ಏರಿಸಿ, ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತೆ ಮಾಡಿದ್ದ. ನೀರು ಬರುವ ನಲ್ಲಿಗೆ ಹಸಿರು ಚುಕ್ಕೆ, ಕೆಟ್ಟದ್ದಕ್ಕೆ ಕೆಂಪು, ಯಾರೂ ತಿರುಗಿಸಿ ನೋಡದ್ದಕ್ಕೆ ಬೂದು.

ನಕ್ಷೆಯಲ್ಲಿ ಊರೆಲ್ಲ ಬೂದಿ ಬಳಿದ ಹಾಗೆ ಕಂಡಿತು. ನಲ್ಲಿ ತಿರುಗಿಸಿದರೆ ಸುತ್ತಲಿನ ಮನೆಗಳಿಗೆ ಕೆಸರು ನೀರು ಹೋಗಿ ಬೈಗುಳ ಬೀಳುತ್ತದೆಂದು ನೀರಿನ ವಿಭಾಗದವರು ಅವುಗಳ ತಂಟೆಗೇ ಹೋಗುತ್ತಿರಲಿಲ್ಲ.

"ಏನಪ್ಪಾ ಇದು, ಆಫೀಸಲ್ಲಿ ಎಲ್ಲರೂ ಸತ್ತುಹೋಗಿದ್ದೀವಾ?" ಎಂದರು ಸಾಹೇಬರು. "ನಾಳೆ ಹೊರಗಿನ ತಂಡ ನೋಡೋಕೆ ಬರುತ್ತೆ. ದೂರು ಬಂದಿಲ್ಲ ಅಂದ್ರೆ ಸರಿಯಾಗಿದೆ ಅಂತಲೇ ಅರ್ಥ. ಹಸಿರು ಮಾಡು."

"ಸರ್, ಅದು..."

"ನಿನ್ನ ಕೆಲಸ ಪರ್ಮನೆಂಟ್ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ, ಗೊತ್ತು ತಾನೇ?"

ಊಟದ ಹೊತ್ತಿಗೆ ಊರು ಹಸಿರಾಯಿತು. ಬಂದ ತಂಡ ಅವನ ಬೆನ್ನು ತಟ್ಟಿ ಹೋಯಿತು. ಜನರಿಗೆ ಎಲ್ಲವನ್ನೂ ತೆರೆದಿಟ್ಟ ನಗರಸಭೆ ಎಂದು ಪತ್ರಿಕೆಯಲ್ಲಿ ಫೋಟೋ ಬಂತು.

ಆ ಫೋಟೋ ಕತ್ತರಿಸಿ ಇಟ್ಟುಕೊಂಡವಳು ಅವನ ಅಕ್ಕ. ಶಾಲಾ ಸಮವಸ್ತ್ರ ಹೊಲಿಯುವವಳು. ಹೊಸ ಅಂಗಡಿ ಹುಡುಕುವಾಗ ಅವನನ್ನು ಜೊತೆಗೆ ಕರೆದುಕೊಂಡು ಹೋದಳು.

"ಬಟ್ಟೆ ಅಂಗಡಿ ಅಂದ್ರೆ ಬೆಂಕಿಪೊಟ್ಟಣ ಇದ್ದ ಹಾಗೆ ಕಣೋ. ನಿನ್ನ ನಕ್ಷೆ ಏನನ್ನುತ್ತೆ ನೋಡು."

ಅಂಗಡಿಯ ಎದುರಿಗೇ ಹಸಿರು ಚುಕ್ಕೆ. ಅದು ಮೊದಲು ಬೂದು ಇದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಕ್ಕ ಅಂಗಡಿಯ ಮಾಲೀಕನ ಮುಂದೆ "ನಮ್ಮ ತಮ್ಮನೇ ಮಾಡಿದ್ದು" ಎಂದು ಕೊಚ್ಚಿಕೊಳ್ಳುತ್ತಿದ್ದಳು. ಅವನು ಫೋನನ್ನು ಅವಳ ಕಡೆ ತಿರುಗಿಸಿ, "ಎದುರಿಗೇ ಇದೆ ಅಕ್ಕಾ" ಎಂದ.

ಅಕ್ಕ ಆ ಅಂಗಡಿಯನ್ನೇ ಹಿಡಿದಳು. ಕೆಲವು ತಿಂಗಳ ನಂತರ ಒಂದು ನಡುಮಧ್ಯಾಹ್ನ ಪಕ್ಕದ ಅಂಗಡಿಯ ವೈರಿನಿಂದ ಬೆಂಕಿ ಹತ್ತಿತು. ಅಕ್ಕನೂ ಅವಳ ಬಳಿ ಹೊಲಿಯುತ್ತಿದ್ದ ನಾಲ್ಕು ಹೆಂಗಸರೂ ಹೊರಗೆ ಓಡಿಬಂದರು. ಅಗ್ನಿಶಾಮಕದ ಡ್ರೈವರ್ ನಕ್ಷೆ ನೋಡಿ, ಹೆಚ್ಚಿನ ನೀರಿನ ಲಾರಿ ಬೇಡವೆಂದು ಹೇಳಿ ಬಂದಿದ್ದ. ವಾಹನದ ನೀರು ಮುಗಿದ ಮೇಲೆ ಪೈಪನ್ನು ನಲ್ಲಿಗೆ ಸಿಕ್ಕಿಸಿದರು. ನಲ್ಲಿ ಎರಡು ಸಲ ಕೆಮ್ಮಿ ತುಕ್ಕು ಉಗುಳಿತು, ಅಷ್ಟೇ. ಲಾರಿ ಬರುವ ಹೊತ್ತಿಗೆ ಚಾವಣಿ ಕೆಳಗಿತ್ತು.

ಅಕ್ಕ ಡ್ರೈವರ್ ಮೇಲೆ ದೂರು ಕೊಟ್ಟಳು. ವಿಚಾರಣೆ ಶುರುವಾಯಿತು. ಆ ವಾರವೇ ಡ್ರೈವರ್ ಸುಟ್ಟ ಅಂಗಡಿಗೆ ಬಂದ. ತಮ್ಮ ಅಲ್ಲೇ ಕರಿ ಗೋಡೆ ತೊಳೆಯುತ್ತಿದ್ದ.

"ಬನ್ನಿ ಬನ್ನಿ," ಎಂದಳು ಅಕ್ಕ. "ನೀರಿಲ್ಲದೆ ಬಂದ್ರಲ್ಲ, ಬಾಯಲ್ಲಿ ಊದಿ ಆರಿಸೋಣ ಅಂತಿದ್ರಾ?"

"ನಕ್ಷೆಯಲ್ಲಿ ಹಸಿರು ಇತ್ತು ತಾಯಿ. ಅದನ್ನ ನಂಬಿ ಬಂದೆ."

"ನಕ್ಷೆ ಮೇಲೆ ಹಾಕಬೇಡಿ. ಅದನ್ನ ಮಾಡಿದವನು ನನ್ನ ತಮ್ಮ. ಇಲ್ಲೇ ಇದ್ದಾನೆ. ಹೇಳೋ ಇವರಿಗೆ!"

ಅವನ ಕೈಯ ಬಟ್ಟೆಯಿಂದ ಕರಿ ನೀರು ತೊಟ್ಟಿಕ್ಕುತ್ತಿತ್ತು. ನೀರಿನ ವಿಭಾಗದವರದ್ದು ತಪ್ಪು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅಕ್ಕ ಸೊಂಟದ ಮೇಲೆ ಕೈಯಿಟ್ಟು, ಗೆದ್ದವಳ ಹಾಗೆ ಕಾಯುತ್ತಿದ್ದಳು.

"ಆ ನಲ್ಲೀನ ಯಾರೂ ತಿರುಗಿಸಿ ನೋಡಿರ್ಲಿಲ್ಲ ಅಕ್ಕಾ. ಸಾಹೇಬ್ರು ಹೇಳಿದ್ರು, ನಾನು ಹಸಿರು ಮಾಡ್ದೆ."

"ನನಗೆ ತೋರಿಸಿದಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ತಲೆ ಎತ್ತಬಹುದಿತ್ತು. ಅರ್ಧ ಸುಟ್ಟ ಸ್ಟೂಲನ್ನು ಸೆರಗಿನಿಂದ ಒರೆಸಿ ಡ್ರೈವರ್ ಮುಂದೆ ಇಟ್ಟಳು.

"ಕೂತ್ಕೊಳ್ಳಿ ಅಣ್ಣಾ. ನಿಮ್ಮನ್ನ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

ಡ್ರೈವರ್ ಕೂರಲಿಲ್ಲ. ತಮ್ಮನ ಕಡೆ ತಿರುಗಿ, "ಇದನ್ನೇ ವಿಚಾರಣೆಯಲ್ಲಿ ಹೇಳ್ತೀರಾ ಸಾರ್? ನನಗೆ ಎರಡು ಮಕ್ಕಳು," ಎಂದ.

"ಹೇಳ್ತೀನಿ."

"ಸಾಹೇಬರ ಎದುರಿಗೆ?" ಎಂದಳು ಅಕ್ಕ, ಅವನ ಮುಖ ನೋಡದೆ. "ನೋಡೋಣ. ಆ ಬಕೆಟ್ ಅಲ್ಲೇ ಬಿಟ್ಟು ಹೋಗು. ಗೋಡೆ ನಾನೇ ತೊಳ್ಕೋತೀನಿ."

ವಿಚಾರಣೆಯಲ್ಲಿ ಸಾಹೇಬರು ಮೊದಲ ಸಾಲಿನಲ್ಲೇ ಕೂತಿದ್ದರು. ಸಾಹೇಬರು ಹೇಳಿದ್ದಕ್ಕೆ ಹಸಿರು ಮಾಡಿದೆ ಎಂಬ ಒಂದು ವಾಕ್ಯವನ್ನು ಅವನು ಎರಡು ಸಲ ಹೇಳಬೇಕಾಯಿತು. ತಾನು ಬಾಯಿಮಾತಿಗೆ ಹೇಳಿದ್ದನ್ನು ಹುಡುಗ ತಪ್ಪು ತಿಳಿದುಕೊಂಡ ಎಂದರು ಸಾಹೇಬರು. ಡ್ರೈವರ್ ಕೆಲಸ ಉಳಿಯಿತು. ಅಕ್ಕನಿಗೆ ಸುದ್ದಿ ಮುಟ್ಟಿಸಲು ಅವನು ಮೂರು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ.

ಹೋದದ್ದು ಏಳು ಹೊಲಿಗೆ ಯಂತ್ರ, ಇನ್ನೂರ ಹತ್ತು ಜೊತೆ ಸಮವಸ್ತ್ರ, ನಾಲ್ಕು ಹೆಂಗಸರ ಕೆಲಸ; ನಕ್ಷೆ ಮಾಡಿದವನ ಕೆಲಸವೂ ಸೇರಿದರೆ ಐದು.