ಇಪ್ಪತ್ಮೂರನೇ ಪುಟ

"ಸಹಿ ಹಾಕೋವಾಗ ಕಣ್ಣು ಎಲ್ಲಿಟ್ಟಿದ್ರಿ ಸಾರ್, ಬೂಟಿನೊಳಗಾ?"

ಫೋನಿನಲ್ಲಿದ್ದ ಹುಡುಗಿ ಇದನ್ನು ನಗುತ್ತಲೇ ಕೇಳಿದಳು. ವಿಲ್ಫ್ ಗಾರ್ಟನ್‌ಗೆ ಕಿವಿ ಮಂದ. ಅದಕ್ಕೇ ಫೋನನ್ನು ಕ್ಯಾಂಟೀನಿನ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದ. ಹೀಗಾಗಿ ಅವನ ಮಾನ ಹೋಗುವುದು ಕಾಂಕ್ರೀಟ್ ಗ್ಯಾಂಗಿನ ಎಂಟೂ ಜನಕ್ಕೆ ಕೇಳಿಸಿತು.

"ನಾನು ಕೇಳ್ತಿರೋದು ರಜೆ ದುಡ್ಡು ಕಣಮ್ಮ. ವಾರವಾರ ನನ್ ಕೂಲೀಲೇ ಹಿಡ್ಕೊಂಡಿದ್ದು. ಗುರುವಾರ ನನ್ ಹೆಂಡ್ತಿಗೆ ಎದೆ ಆಪರೇಶನ್ನು. ಆಮೇಲೆ ಎರಡು ವಾರ ನಾನು ಮನೇಲಿರ್ಬೇಕು. ಅವಳಿಗೆ ಬೇರೆ ಯಾರೂ ಇಲ್ಲ."

"ರಜೆ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಮುಗೀತು ಸಾರ್. ಇವತ್ತು ಏಪ್ರಿಲ್ ಮೂರು. ಅಷ್ಟರೊಳಗೆ ಕೇಳದೇ ಇದ್ದಿದ್ದು ಕಂಪನಿಗೆ. ಒಪ್ಪಂದದಲ್ಲೇ ಇದೆ, ಇಪ್ಪತ್ಮೂರನೇ ಪುಟ."

"ಅದು ನನ್ ದುಡ್ಡು."

"ಆಗಿತ್ತು ಸಾರ್."

ಫೋನು ಕಟ್ಟಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ತಿರುಗಲೇಬೇಕು. ಆ ಕಂಪನಿಯನ್ನು ಆರಿಸಿದ ಮಹಾಪುರುಷ ನಾನೇ.

ನನ್ನ ಹೆಸರು ಟ್ರೆವರ್ ಸ್ಟೇದರ್ಸ್. ಹಲ್ ಊರಿನ ಬಂದರಿನ ಪಕ್ಕ ಏಳುತ್ತಿರುವ ದೊಡ್ಡ ಗೋದಾಮಿಗೆ ಕಾಂಕ್ರೀಟ್ ನೆಲ ಹಾಕುವ ಕೂಲಿ. ಗ್ಯಾಂಗಿನಲ್ಲಿ ಓದುವ ಕನ್ನಡಕ ಇರುವುದು ನನಗೊಬ್ಬನಿಗೇ. ಆ ಒಂದು ಅರ್ಹತೆಯ ಮೇಲೆ ಎಲ್ಲರೂ ನನ್ನನ್ನು ಮೇಷ್ಟ್ರು ಅನ್ನುತ್ತಾರೆ, ನಾನೂ ನಂಬಿಬಿಟ್ಟಿದ್ದೆ.

ನಮಗೆ ಕೆಲಸ ಕೊಡುವುದು ಏಜೆನ್ಸಿ. ಆದರೆ ಅದು ತನ್ನ ಕೈಯಾರೆ ಕೂಲಿ ಕೊಡುವುದಿಲ್ಲ. ನಡುವೆ ಒಂದು ಅಂಬ್ರೆಲಾ ಕಂಪನಿ ಇರಲೇಬೇಕು. ಕಾಗದದ ಮೇಲೆ ನಾವು ಆ ಕಂಪನಿಯ ನೌಕರರು. ಕೂಲಿ ಅವರ ಕೈಗೆ ಹೋಗುತ್ತದೆ. ಅವರು ತೆರಿಗೆ ಕಳೆದು, ತಮ್ಮ ಶುಲ್ಕ ಕಳೆದು, ಧಣಿ ಸರ್ಕಾರಕ್ಕೆ ಕಟ್ಟಬೇಕಾದ ಪಾಲನ್ನೂ ನಮ್ಮ ಕೂಲಿಯಲ್ಲೇ ಕಳೆದು ಉಳಿದದ್ದನ್ನು ನಮಗೆ ಹಾಕುತ್ತಾರೆ. ಹೆಸರಿಗೆ ಕೊಡೆ, ನೆನೆಯುವವರು ನಾವು. ಏಜೆನ್ಸಿಯವರು ಮೂರು ಕಂಪನಿಗಳ ಪಟ್ಟಿ ಕೊಟ್ಟು "ಆಯ್ಕೆ ನಿಮ್ಮದೇ" ಅಂದಿದ್ದರು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಅನ್ನುತ್ತಾರೆ. ನಮ್ಮನ್ನು ಕೇಳಿಯೇ ಅರೆದರು.

ಆರಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಎರಡು ಭಾನುವಾರ ಅಡುಗೆಮನೆಯಲ್ಲಿ ಕೂತು ಉಳಿದ ವಾಲ್‌ಪೇಪರಿನ ಹಿಂದೆ ಗೆರೆ ಎಳೆದು ಅಂಕ ಹಾಕಿದೆ. ವೆಬ್‌ಸೈಟಿನಲ್ಲಿ ಹಸಿರು ಟಿಕ್ ಇದೆಯೇ? ಹೆಲ್ಮೆಟ್ ಹಾಕಿದ ಹೆಂಗಸು ನಗುತ್ತಿದ್ದಾಳೆಯೇ? ಫೋನ್ ಮಾಡಿದರೆ ಎಷ್ಟನೇ ರಿಂಗಿಗೆ ಎತ್ತುತ್ತಾರೆ? ಮೂರೂ ಕಂಪನಿಯವರು ಎರಡನೇ ರಿಂಗಿಗೇ ಎತ್ತಿದರು. ಮೂವರಿಗೂ ಹತ್ತಕ್ಕೆ ಹತ್ತು ಕೊಟ್ಟೆ. ಕೊನೆಗೆ ಪೆಲ್‌ಹ್ಯಾರೋ ಅನ್ನುವ ಕಂಪನಿ ಗೆದ್ದಿತು. ಅದರ ಮೂವತ್ತೊಂದು ಪುಟದ ಒಪ್ಪಂದದಲ್ಲಿ ಇಪ್ಪತ್ತೆರಡು ಪುಟ ಓದಿದೆ. ನಮ್ಮ ಸೈಟಿನ ಇತಿಹಾಸದಲ್ಲೇ ಅದು ದಾಖಲೆ. ಅಷ್ಟರಲ್ಲಿ ಟಿವಿಯಲ್ಲಿ ರಗ್ಬಿ ಶುರುವಾಯಿತು.

ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ರಜೆ ದುಡ್ಡು ವಾರವಾರ ಬೇಕೋ, ಕೂಡಿಡಬೇಕೋ? ನಾನು ಮೇಜಿನ ಮೇಲೆ ಗುದ್ದಿ ಭಾಷಣ ಮಾಡಿದ್ದೆ. "ಕೂಡಿಡಿ ಅಂತ ಟಿಕ್ ಹಾಕ್ರೋ ಬೋಳೀಮಕ್ಳಾ. ಕೈಗೆ ಬಂದ್ರೆ ಪಬ್ಬಿಗೆ ಸುರೀತೀರ." ಎಲ್ಲರೂ ಹಾಕಿದರು. ನಾನು ಮಾತ್ರ ವಾರವಾರ ಬೇಕು ಅಂತ ಹಾಕಿದೆ. ನನಗೆ ಪಬ್ಬಿಗೆ ಬೇಕಿತ್ತು.

ಇನ್ನೊಂದು ವಿಷಯ ಯಾರಿಗೂ ಹೇಳಿರಲಿಲ್ಲ. ಸೇರಿಸಿದ ಒಂದೊಂದು ತಲೆಗೆ ಪೆಲ್‌ಹ್ಯಾರೋ ನಲವತ್ತು ಪೌಂಡಿನ ವೋಚರು ಕೊಟ್ಟಿತ್ತು. ಏಳು ತಲೆ ಮಾರಿ ನಾನೊಂದು ಏರ್‌ಫ್ರೈಯರ್ ತಂದೆ. ವಿಲ್ಫ್ ಮತ್ತು ಅವನ ಹೆಂಡತಿ ಡೋರೀನ್ ನಮ್ಮ ಮನೆಗೆ ಬಂದು, ಅದರಲ್ಲೇ ಹುರಿದ ಚಿಪ್ಸಿಗೆ ನಮ್ಮೂರಿನ ಕೆಂಪು ಮಸಾಲೆ ಉದುರಿಸಿಕೊಂಡು ತಿಂದಿದ್ದರು. "ಎಣ್ಣೆನೇ ಇಲ್ವಲ್ಲೋ! ನನ್ ಹಾರ್ಟಿಗೆ ಒಳ್ಳೇದು," ಅಂದಿದ್ದಳು ಡೋರೀನ್.

ಆ ಮಾತು ನೆನಪಾದರೆ ಈಗಲೂ ನನಗೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸೋಮವಾರ ಸಂಜೆ ಏಜೆನ್ಸಿ ಆಫೀಸಿಗೆ ಹೋದೆ. ಅಲ್ಲಿದ್ದ ಕೇಲಿ ಅನ್ನುವ ಹುಡುಗಿ ನನ್ನ ಬೂಟಿನ ಸಿಮೆಂಟು ನೋಡಿ, "ಕಾರ್ಪೆಟ್ ಮೇಲೆ ಬೇಡ, ಅಲ್ಲೇ ನಿಂತು ಹೇಳಿ," ಅಂದಳು. ಬಾಗಿಲಲ್ಲಿ ನಿಂತೇ ಹೇಳಿದೆ.

"ಕಂಪನಿ ಆರಿಸಿದ್ದು ನೀವು ಟ್ರೆವರ್. ನಾವು ಬಲವಂತ ಮಾಡಿದ್ವಾ? ಬೇಡ ಅಂದ್ರೆ ಪಟ್ಟೀಲಿ ಇನ್ನೆರಡಿದೆ, ಬದಲಾಯಿಸ್ಕೊಳ್ಳಿ."

ಹೊರಗೆ ಬಂದು ಪಟ್ಟಿಯ ಎರಡನೇ ಕಂಪನಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. ಮಾತಾಡಿ ಇಟ್ಟು ಮೂರನೆಯದಕ್ಕೆ ಮಾಡಿದೆ. ಅದನ್ನೂ ಎರಡನೇ ರಿಂಗಿಗೆ ಎತ್ತಿದರು.

"ಅಯ್ಯೋ, ಮತ್ತೆ ನೀವೇನಾ ಸಾರ್?" ಅಂದಿತು ಅದೇ ದನಿ. ವಿಲ್ಫ್‌ನ ಕಣ್ಣು ಬೂಟಿನೊಳಗಿಟ್ಟ ಹುಡುಗಿ.

ಮೂರು ಹೆಸರು, ಒಂದೇ ಕಂಪನಿ. ಹತ್ತಕ್ಕೆ ಹತ್ತು!

ಗುರುವಾರ ವಿಲ್ಫ್ ಕೆಲಸಕ್ಕೆ ಬಂದ. ಇನ್ನೆರಡು ವಾರ ಮನೆಯಲ್ಲಿರಬೇಕಾದರೆ ಇವತ್ತಿನ ಕೂಲಿ ಬಿಡುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಡೋರೀನಳನ್ನು ಒಂಬತ್ತಕ್ಕೆ ಆಪರೇಶನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು. ಅವನು ಕಬ್ಬಿಣದ ಜಾಲರಿಯ ಮೇಲೆ ನಿಂತು ಐದು ನಿಮಿಷಕ್ಕೊಮ್ಮೆ ಜೇಬಿನಿಂದ ಫೋನ್ ತೆಗೆದು ನೋಡುತ್ತಿದ್ದ. ಸೈಟ್ ಮ್ಯಾನೇಜರ್ ಪಾರ್ಜಿಟರ್ ಕಂಡುಬಿಟ್ಟ.

"ಏಯ್ ಮುದುಕಾ, ಫೋನ್ ಲಾಕರ್‌ನಲ್ಲಿಡು."

"ಹೆಂಡ್ತಿ ಆಪರೇಶನ್ ಟೇಬಲ್ ಮೇಲಿದಾಳೆ ಬಾಸ್."

"ನನ್ ಕಾಂಕ್ರೀಟ್ ಲಾರಿ ಮೇಲಿದೆ. ಹತ್ತೂವರೆಗೆ ಮೊದಲನೇ ಗಾಡಿ, ಹಿಂದೆ ಆರು. ಇಡೀ ನೆಲ ಒಂದೇ ಏಟಿಗೆ ಹಾಕ್ಬೇಕು. ಕಾಂಕ್ರೀಟು ಯಾರ್ ಹೆಂಡ್ತಿಗೂ ಕಾಯಲ್ಲ."

ವಿಲ್ಫ್ ಫೋನನ್ನು ಲಾಕರ್‌ನಲ್ಲಿಟ್ಟ. ಇಟ್ಟು ಬರುವಾಗ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹತ್ತು ಗಂಟೆಯ ಟೀ ವಿರಾಮಕ್ಕೆ ಕ್ಯಾಂಟೀನಿಗೆ ಹೋದರೆ ಬೇಕನ್ ಇಟ್ಟ ಬನ್ನುಗಳ ಘಮ. ಪೆಲ್‌ಹ್ಯಾರೋದ ಡೊಮಿನಿಕ್ ಬಂದಿದ್ದ. ಹೊಸಬರು ಸೇರುವ ದಿನ ಬನ್ನು ಹಂಚಿ ಸಹಿ ಹಾಕಿಸಿಕೊಳ್ಳುವುದು ಅವನ ಪದ್ಧತಿ. ಅವತ್ತು ಹನ್ನೊಂದು ಜನ ಹೊಸಬರು ಬನ್ನು ಹಿಡಿದು ಕೂತಿದ್ದರು. ಅವನ ಸೂಟಿನ ಮೇಲಿದ್ದ ಹಳದಿ ಜಾಕೆಟ್ಟಿನಲ್ಲಿ ಮಡಿಸಿದ ಗೆರೆ ಇನ್ನೂ ಹೋಗಿರಲಿಲ್ಲ.

"ಇವರೇ ನೋಡಿ ನಮ್ಮ ಟ್ರೆವರ್!" ಎಂದು ನನ್ನ ಹೆಗಲ ಮೇಲೆ ಕೈ ಹಾಕಿದ. "ಏಳು ಜನರನ್ನ ಸೇರಿಸಿದ ಹುಲಿ. ನಂಬಿಕಸ್ಥ ಕಂಪನಿ ಆರಿಸೋದು ಹೇಗೆ ಅಂತ ಎರಡು ಮಾತು ಹೇಳಿ ಟ್ರೆವರ್."

ನಾನು ಮೇಜಿನ ಕೆಳಗಿಂದ ನನ್ನ ಚೀಲ ಎಳೆದು, ಬೆಳಿಗ್ಗೆ ಮನೆಯಿಂದ ಹೊತ್ತು ತಂದಿದ್ದ ಏರ್‌ಫ್ರೈಯರನ್ನು ಬನ್ನುಗಳ ನಡುವೆ ಇಟ್ಟೆ. ಬನ್ನಿನ ಮೇಲೆ ಆಸೆ ಇನ್ನೂ ಇತ್ತು, ಸುಳ್ಳೇಕೆ ಹೇಳಲಿ.

"ಇದು ನಾನು ತಿಂದ ಲಂಚ," ಅಂದೆ. "ಒಂದ್ ತಲೆಗೆ ನಲವತ್ತು ಪೌಂಡು. ವಿಲ್ಫ್, ನಿನ್ ತಲೇನೂ ಇದರಲ್ಲೇ ಹುರ್ಕೊಂಡು ತಿಂದೆ ಕಣೋ. ರಜೆ ದುಡ್ಡು ಕೂಡಿಡಿ ಅಂತ ನಿಮ್ಗೆಲ್ಲ ಹೇಳಿ ನಾನು ವಾರವಾರ ತಗೊಂಡೆ."

ಹಸಿ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಹಿಡಿಯುವ ಪೋಲೆಂಡಿನ ಕಾಜಿಕ್ ಮೊದಲು ಬಾಯಿ ಬಿಟ್ಟ. "ಥೂ ಸೂಳೇಮಗನೇ. ಒಂದ್ ಏರ್‌ಫ್ರೈಯರಿಗಾ? ಟಿವಿನಾದ್ರೂ ಕೇಳ್ಬಾರ್ದಿತ್ತಾ?"

ವಿಲ್ಫ್ ಏರ್‌ಫ್ರೈಯರನ್ನೇ ನೋಡುತ್ತಿದ್ದ. "ಡೋರೀನ್‌ಗೆ ಇದು ಇಷ್ಟ ಆಗಿತ್ತು," ಅಂದ, ಅಷ್ಟೇ.

ಡೊಮಿನಿಕ್‌ನ ಕೈ ನನ್ನ ಹೆಗಲಿನಿಂದ ಇಳಿಯಿತು. "ಇದನ್ನ ನಾವಿಬ್ರೇ ಆಮೇಲೆ ಕೂತು ಮಾತಾಡೋಣ ಟ್ರೆವರ್."

"ಈಗಲೇ ಬರೆದು ಕೊಡು. ವಿಲ್ಫ್‌ನ ಎರಡು ವಾರ, ಎಲ್ಲರ ರಜೆ ದುಡ್ಡು. ಕೆಳಗೆ ಸಹಿ."

"ನನಗೆ ಆ ಅಧಿಕಾರ ಇಲ್ಲ."

"ಇರೋರಿಗೆ ಫೋನ್ ಮಾಡು. ಎರಡನೇ ರಿಂಗಿಗೇ ಎತ್ತಾರೆ."

ಪಾರ್ಜಿಟರ್ ಬಾಗಿಲು ದೂಡಿದ. ಗೇಟಿನ ಹತ್ತಿರ ಕಾಂಕ್ರೀಟ್ ಲಾರಿಯ ಡ್ರಮ್ಮು ತಿರುಗುವ ಸದ್ದು ಒಳಗೆ ಬಂತು. "ಹತ್ತೂವರೆ ಆಯ್ತು. ಲಾರಿ ನಿಂತಿದೆ. ಏಳ್ರೋ!"

ನಾನು ಏಳಲಿಲ್ಲ. ಧೈರ್ಯದಿಂದಲ್ಲ, ಬನ್ನು ಇನ್ನೂ ತಿಂದಿರಲಿಲ್ಲ. ಕಾಜಿಕ್ ನನ್ನನ್ನು ನೋಡಿ ಅದನ್ನು ಧೈರ್ಯ ಅಂದುಕೊಂಡನೋ ಏನೋ, ಇನ್ನೊಂದು ಬನ್ನು ತೆಗೆದುಕೊಂಡು ಕಾಲು ಚಾಚಿ ಕೂತ. ಉಳಿದವರೂ ಕದಲಲಿಲ್ಲ. ವಿಲ್ಫ್ ಒಬ್ಬ ಎದ್ದ. ನಲವತ್ತು ವರ್ಷದ ಅಭ್ಯಾಸ, ಯಾರಾದರೂ ಕೂಗಿದರೆ ಏಳುತ್ತಾನೆ.

ಕಾಜಿಕ್ ಅವನ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. "ನೀನು ಆ ಕಡೆ ಅಲ್ಲ ಮುದುಕಾ. ಫೋನ್ ತಗೊಂಡು ಆಸ್ಪತ್ರೆಗೆ ಹೋಗು."

"ಇವತ್ತಿನ ಕೂಲಿ?"

"ಹೋಗೋ ಮಾರಾಯ!"

ವಿಲ್ಫ್ ಬಾಗಿಲ ತನಕ ಹೋಗಿ ತಿರುಗಿ ಬಂದು, ನನ್ನ ಮುಂದೆ ನಿಂತ. ಹೊಡೆಯುತ್ತಾನೆ ಅಂದುಕೊಂಡು ಕನ್ನಡಕ ತೆಗೆದೆ. ಅವನು ಅದನ್ನು ನನ್ನ ಕೈಯಿಂದ ಕಸಿದು, ತನ್ನ ಅಂಗಿಯ ಚುಂಗಿನಲ್ಲಿ ಗಾಜು ಒರೆಸಿ, ನನ್ನ ಮೂಗಿನ ಮೇಲೆ ಕೂರಿಸಿದ. "ಈಗ್ಲಾದ್ರೂ ಪೂರ್ತಿ ಓದು," ಎಂದು ಹೊರಟುಹೋದ.

ಗೇಟಿನಲ್ಲಿ ಎರಡನೇ ಲಾರಿ ಹಾರ್ನ್ ಹೊಡೆಯಿತು. "ಒಂದೂವರೆ ಗಂಟೇಲಿ ಡ್ರಮ್ಮಲ್ಲೇ ಕಲ್ಲಾಗತ್ತೆ ಕಣ್ರೋ!" ಎಂದು ಪಾರ್ಜಿಟರ್ ಕಿರುಚಿದ. ಗೊತ್ತು. ಅದೊಂದು ವಿಷಯ ನಮಗೆ ಅವನಿಗಿಂತ ಚೆನ್ನಾಗಿ ಗೊತ್ತು. ಹೊಸಬರಲ್ಲೊಬ್ಬ ಪೆನ್ನಿಗೆ ಮುಚ್ಚಳ ಹಾಕಿದ.

ನಾನು ಡೊಮಿನಿಕ್‌ನ ಮುಂದಿದ್ದ ಒಪ್ಪಂದ ಎಳೆದುಕೊಂಡು ಇಪ್ಪತ್ಮೂರನೇ ಪುಟ ತೆರೆದೆ. ಹೊಸಬರಿಗೆ ಕೇಳಿಸುವಂತೆ ಜೋರಾಗಿ ಓದತೊಡಗಿದೆ. ಇನ್ನೂ ಒಂಬತ್ತು ಪುಟ ಇದ್ದವು. ನಾನು ಬೆರಳಿಟ್ಟು ಓದುವವನು, ಬಹಳ ನಿಧಾನ.