ಸೋದರಮಾವನಿಗೆ ಹನ್ನೆರಡು ಸೆಕೆಂಡು

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ನನ್ನದು ಒಂದೇ ಕೆಲಸ. ಸ್ಟಾಪ್‌ವಾಚ್ ಹಿಡಿದು ಕೆಲಸಗಾರರ ಹಿಂದೆ ನಿಲ್ಲುವುದು, ಒಂದು ಬೋಲ್ಟ್ ಬಿಗಿಯಲು ಎಷ್ಟು ಸೆಕೆಂಡು, ಒಂದು ಮುಚ್ಚಳ ಕೂರಿಸಲು ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವುದು. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಸೆಕೆಂಡಪ್ಪ ಅನ್ನುತ್ತಾರೆಂದು ಗೊತ್ತು. ಅನ್ನಲಿ. ಹೊತ್ತಿನ ಬೆಲೆ ತಿಳಿಯದವರು ಇನ್ನೇನು ಅಂದಾರು? ಅಪ್ಪ ಅಮ್ಮ ಇಟ್ಟ ಹೆಸರು ರಾಮಕೃಷ್ಣಪ್ಪ.

ಈ ಹೊತ್ತಿನ ಹುಚ್ಚೇ ಐದು ವರ್ಷದ ಹಿಂದೆ ನನ್ನ ಕೊರಳಿಗೆ ಸುತ್ತಿಕೊಂಡಿತು. ಅಂದು ಹೊಸೂರಿನಲ್ಲಿ ನಮ್ಮ ಮನೆಯ ಗೃಹಪ್ರವೇಶ. ಮೊದಲ ಶಾಲು, ಮೊದಲ ತಾಂಬೂಲ ಸಲ್ಲಬೇಕಾದದ್ದು ನನ್ನ ಹೆಂಡತಿ ಇಂದ್ರಮ್ಮನ ಅಣ್ಣ, ಉದ್ದನಪಲ್ಲಿಯ ತಿಮ್ಮರಾಯಪ್ಪನವರಿಗೆ. ಆದರೆ ನಮ್ಮ ಮ್ಯಾನೇಜರ್ ಚಿನ್ನಸ್ವಾಮಿಯವರು ಎರಡನೇ ಶಿಫ್ಟಿಗೆ ಹೊರಡಬೇಕಿತ್ತು. ಎರಡು ನಿಮಿಷದ ಮಾತು, ಭಾವ ಮನೆಯವರೇ ತಾನೆ ಎಂದು ಮೊದಲ ಶಾಲನ್ನು ಮ್ಯಾನೇಜರಿಗೆ ಹೊದಿಸಿಬಿಟ್ಟೆ. ತಿರುಗಿ ನೋಡಿದರೆ ಬಡಿಸಿದ ಎಲೆಯಿತ್ತು, ಎಲೆಯ ಮುಂದೆ ಭಾವ ಇರಲಿಲ್ಲ. ಅವರಾಗಲೇ ಊರಿನ ಬಸ್ಸು ಹತ್ತಿದ್ದರು. ಅಂದಿನಿಂದ ನಮ್ಮ ಹೊಸಿಲು ತುಳಿದಿಲ್ಲ, ನನ್ನ ಜೊತೆ ಒಂದು ಮಾತೂ ಆಡಿಲ್ಲ.

ಈಗ, ಎರಡು ಸಾವಿರದ ಆರನೇ ಇಸವಿಯಲ್ಲಿ, ಮಗಳು ಶ್ರೀವಿದ್ಯಾಳ ಮದುವೆ ಗೊತ್ತಾಯಿತು. ಕೃಷ್ಣಗಿರಿಯಲ್ಲಿ ಛತ್ರವೂ ಸಿಕ್ಕಿತು. ನಮ್ಮಲ್ಲಿ ಮದುಮಗಳು ನಡೆದು ಮಂಟಪಕ್ಕೆ ಬರುವಂತಿಲ್ಲ, ಸೋದರಮಾವ ಎತ್ತಿಕೊಂಡು ಬರಬೇಕು. ಇಂದ್ರಮ್ಮನಿಗೆ ಇರುವವರು ಒಬ್ಬರೇ ಅಣ್ಣ.

“ನಮ್ಮಣ್ಣ ಎತ್ಕೊಂಡ್ ಬರ್ದಿದ್ರೆ ನಾನು ಆ ಮಂಟಪದ್ ಕಡೆ ತಲೆ ಹಾಕಲ್ಲ. ನೀವೂ ನಿಮ್ ಮ್ಯಾನೇಜರ್ರೂ ಸೇರ್ಕೊಂಡು ಧಾರೆ ಎರ್ಕಳಿ” ಎಂದಳು. ಅವಳು ಹೇಳಿದರೆ ಹೇಳಿದಂತೆ.

ದಾರಿ ತೋರಿಸಿದ್ದು ಶ್ರೀವಿದ್ಯಾಳೇ. ಆರತಕ್ಷತೆಯಲ್ಲಿ ತೋರಿಸಲೆಂದು ಅವಳು ಮನೆಯ ಹಳೆಯ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಹಿಂದೆ ನಾಗಸ್ವರ ಸೇರಿಸಿ ಸ್ಲೈಡ್ ಶೋ ಮಾಡಿದ್ದಳು. ಐವತ್ತಾರು ಫೋಟೋ. ಮೊದಲು ಹಿರಿಯರು, ಹಿತೈಷಿಗಳು, ಆಮೇಲೆ ಅವಳ ಬಾಲ್ಯ. “ಅಪ್ಪ, ಇದನ್ನ ಮಾವನಿಗೆ ಮೊದಲು ತೋರಿಸಿ. ಗಣಪತಿ ಬಿಟ್ರೆ ಅವರ ಫೋಟೋನೇ ಮೊದಲನೇದು” ಎಂದಳು. ಭಾವನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೆ ತೆಲುಗು ಸಿನಿಮಾ ನೋಡಲು ತಂದ ವಿ.ಸಿ.ಡಿ. ಪ್ಲೇಯರ್ ಇತ್ತು. ಹಾಗಾದರೆ ಸ್ಲೈಡ್ ಶೋವನ್ನು ಡಿಸ್ಕ್ ಮಾಡಿಸಬೇಕು.

ಇಂಥ ಕೆಲಸ ಕೈಗೆ ಸಿಕ್ಕರೆ ನಾನು ಬಿಟ್ಟೇನೆ? ಒಂದು ಹಾಳೆಯಲ್ಲಿ ಗೆರೆ ಎಳೆದು ಯಾರ ಮುಖ ಎಷ್ಟು ಹೊತ್ತು ನಿಲ್ಲಬೇಕೆಂದು ಬರೆದೆ. ಗಣಪತಿಗೆ ಹತ್ತು ಸೆಕೆಂಡು. ಸೋದರಮಾವನಿಗೆ ಹನ್ನೆರಡು, ದೇವರು ಬೇಸರ ಮಾಡಿಕೊಳ್ಳುವುದಿಲ್ಲ, ಭಾವ ಮಾಡಿಕೊಳ್ಳುತ್ತಾರೆ. ನನ್ನ ಸ್ವಂತ ಅಣ್ಣನಿಗೆ ಎಂಟು. ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಆರಾರು. ಮ್ಯಾನೇಜರಿಗೆ ಎರಡೇ ಎರಡು. ಶ್ರೀವಿದ್ಯಾ ಹಾಳೆ ನೋಡಿ ನಕ್ಕಳು, ಆದರೆ ಹಾಗೆಯೇ ಜೋಡಿಸಿಕೊಟ್ಟಳು.

ರಾಯಕೋಟೆ ರಸ್ತೆಯಲ್ಲಿ ಮುರಳಿಕೃಷ್ಣನ ಸ್ಟುಡಿಯೋ ಇದೆ. ಮದುವೆ ವಿಡಿಯೋ ತೆಗೆಯುವವನು, ಡಿಸ್ಕ್ ಕೂಡ ಮಾಡಿಕೊಡುತ್ತಾನೆ. ಅವನು ಫೈಲ್ ಇಟ್ಟುಕೊಂಡು, “ಇದು ಹಿಂಗೇ ಟಿ.ವಿ.ಲಿ ಓಡಲ್ಲ ಸಾರ್. ಕಂಪ್ಯೂಟರ್‌ನಲ್ಲಿ ಓಡ್ಸಿ, ಓಡಿದ್ದನ್ನ ವಿಡಿಯೋ ಮಾಡಿ, ಆಮೇಲೆ ಡಿಸ್ಕಿಗೆ ಹಾಕ್ಬೇಕು” ಎಂದ.

“ಏನಾದ್ರೂ ಮಾಡಪ್ಪ, ಒಂದು ಸೆಕೆಂಡು ಆಚೀಚೆ ಆಗಬಾರದು. ನಿನ್ನ ಬುದ್ಧಿ ಉಪಯೋಗಿಸಬೇಡ. ಇದ್ದದ್ದು ಇದ್ದ ಹಾಗೆ” ಎಂದೆ.

“ಕವಲೆಪಡಾದೀಂಗ ಸಾರ್” ಎಂದು ತಮಿಳಿನಲ್ಲಿ ಧೈರ್ಯ ಹೇಳಿ ಕಳಿಸಿದ.

ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಭಾವನ ಮನೆ ಸೇರಬೇಕೆಂದು ಇಂದ್ರಮ್ಮನ ಕಟ್ಟಪ್ಪಣೆ. ಬೆಳಗ್ಗೆ ಎಂಟೂವರೆಗೆ ಆಟೋ ನಿಲ್ಲಿಸಿಕೊಂಡೇ ಡಿಸ್ಕ್ ಇಸಿದುಕೊಂಡೆ. ಮುರಳಿಕೃಷ್ಣ ತಲೆ ಕೆರೆಯುತ್ತಾ, “ಸಾರ್, ಮಧ್ಯದಲ್ಲಿ ಒಂಚೂರು... ಒಂದ್ಸಲ ನೋಡ್ಕೊಂಡ್ ಹೋಗಿ” ಎಂದ. “ಸಮಯ ಇಲ್ಲಪ್ಪ” ಎಂದು ಇಂದ್ರಮ್ಮ ಕೂತಿದ್ದ ಆಟೋ ಹತ್ತಿದೆ.

ಉದ್ದನಪಲ್ಲಿಯಲ್ಲಿ ಭಾವ ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ನೆರೆಮನೆಯ ನಂಜಪ್ಪ. ತಂಗಿಯನ್ನು ಕಂಡು ಮುಖ ಅರಳಿತು, ನನ್ನನ್ನು ಕಂಡು ಮುದುಡಿತು. ಅತ್ತಿಗೆ ಭದ್ರಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ನಾನು ಎರಡು ಮೊಳ ದೂರದಲ್ಲಿ ಕೂತಿದ್ದರೂ ಭಾವನ ಮಾತು ನಂಜಪ್ಪನ ಮೂಲಕವೇ.

“ನಂಜ, ಬಂದೋರು ಕೈಯಾಗೆ ಏನ್ ಹಿಡ್ಕೊಂಡವ್ರೆ ಕೇಳ್ಲಾ.”

“ಕೈಯಾಗೆ ಏನು ಅಂತ ಕೇಳ್ತಾವ್ರೆ.”

“ಶ್ರೀವಿದ್ಯಾ ಮಾಡಿದ ಫೋಟೋ ಸಿ.ಡಿ. ಅಂತ ಹೇಳಿ.”

“ಸಿ.ಡಿ. ಅಂತೆ ಕಣಣ್ಣ. ಮಗು ಮಾಡೈತಂತೆ.”

ಮಗು ಮಾಡಿದ್ದು ಎಂದ ಮೇಲೆ ಭಾವ ಟಿ.ವಿ. ಹಾಕಿಸಿದರು. ನಾಗಸ್ವರ ಮೊಳಗಿತು, ಗಣಪತಿ ಬಂದ. ಇಂದ್ರಮ್ಮ ಕೈಮುಗಿದಳು. ನಾನು ನಂಜಪ್ಪನಿಗೆ, “ಮುಂದಿನದು ಭಾವನದ್ದು. ಹನ್ನೆರಡು ಸೆಕೆಂಡು, ಎಲ್ಲರಿಗಿಂತ ಜಾಸ್ತಿ ಅಂತ ಹೇಳಿ” ಎಂದೆ. ನಂಜಪ್ಪ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪೇಟ ಕಟ್ಟಿದ ಭಾವ ಪರದೆಯ ಮೇಲೆ ಬಂದು, ಕಣ್ಣು ಮಿಟುಕಿಸುವುದರೊಳಗೆ ಹೋಗಿಯೂ ಬಿಟ್ಟರು.

“ಅಣ್ಣಾ, ನೀನ್ ಬಂದೆ... ಹೋಗ್ಬುಟ್ಟೆ!” ಎಂದ ನಂಜಪ್ಪ.

ದೊಡ್ಡಪ್ಪ, ಚಿಕ್ಕಪ್ಪ, ನನ್ನಣ್ಣ ಎಲ್ಲರೂ ಮೂರು ಮೂರು ಸೆಕೆಂಡಿಗೆ ಸರಿದು ಹೋದರು. ಆಮೇಲೆ ಮ್ಯಾನೇಜರ್ ಚಿನ್ನಸ್ವಾಮಿಯವರು ಬಂದರು. ಕೋಟು, ಟೈ, ತುಟಿಯಂಚಿನ ನಗು. ಬಂದವರು ನಿಂತರು. ನಿಂತೇ ನಿಂತರು.

ಆಗ ನನಗೆ ಆದದ್ದೇನೆಂದು ಹೊಳೆಯಿತು. ಫೈಲನ್ನು ಮುರಳಿಕೃಷ್ಣನಿಗೆ ಕೊಡುವ ಹಿಂದಿನ ಸಂಜೆ, ತಾಯಿ ಮಗಳು ಸೀರೆ ಅಂಗಡಿಗೆ ಹೋಗಿದ್ದಾಗ, ಸೆಕೆಂಡುಗಳನ್ನು ಇನ್ನೊಮ್ಮೆ ತಾಳೆ ನೋಡೋಣ ಎಂದು ನಾನೊಬ್ಬನೇ ಕಂಪ್ಯೂಟರ್ ಮುಂದೆ ಕೂತಿದ್ದೆ. ಅದರಲ್ಲಿ ತಾಲೀಮು ಮಾಡಲು ಒಂದು ಬಟನ್ ಇದೆ. ಒತ್ತಿದರೆ ಮೂಲೆಯಲ್ಲಿ ಪುಟ್ಟ ಗಡಿಯಾರ ಓಡುತ್ತದೆ. ಗಡಿಯಾರ ಕಂಡು ನನಗೆ ಖುಷಿಯಾಯಿತು, ಒತ್ತಿದೆ. ಒಂದೊಂದೇ ಫೋಟೋ ನೋಡುತ್ತಾ ಮುಂದಕ್ಕೆ ಒತ್ತುತ್ತಾ ಹೋದೆ. ಕೊನೆಗೆ ಇಷ್ಟು ಹೊತ್ತು ಆಯಿತು, ಇದನ್ನೇ ಇಟ್ಟುಕೊಳ್ಳಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಇಪ್ಪತ್ತಾರು ವರ್ಷ ಮುಂದೆ ಬಂದ ಕಾಗದಕ್ಕೆಲ್ಲ ಸಹಿ ಹಾಕಿದ ಕೈ, ಹೂಂ ಎಂದು ಒತ್ತಿಬಿಟ್ಟಿತು. ನಾನು ಹಾಳೆಯಲ್ಲಿ ಬರೆದ ಲೆಕ್ಕವೆಲ್ಲ ಅಳಿಸಿಹೋಗಿ, ಯಾವ ಮುಖವನ್ನು ನಾನು ನಿಜವಾಗಿ ಎಷ್ಟು ಹೊತ್ತು ನೋಡಿದೆನೋ ಅದೇ ಉಳಿದಿತ್ತು. ಪೇಟದ ಭಾವನನ್ನು ಕಂಡು, ಈ ಸಿಡುಕು ಮೋರೆ ನೋಡುವುದೇನು ಎಂದು ತಟ್ಟನೆ ದಾಟಿದ್ದೆ. ಮ್ಯಾನೇಜರ ಫೋಟೋ ಬಂದಾಗ ಸಾಕ್ಷಾತ್ ಮ್ಯಾನೇಜರೇ ಫೋನ್ ಮಾಡಿ ಹೊಸ ಲೈನಿನ ವಿಷಯ ಕೊರೆದಿದ್ದರು. ಎರಡು ನಿಮಿಷ ನಲವತ್ತು ಸೆಕೆಂಡು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ.

“ನಂಜ, ಯಾರ್ಲಾ ಇವ್ನು?” ಎಂದರು ಭಾವ. ಧ್ವನಿ ಮೆತ್ತಗಿತ್ತು. ಅದೇ ಭಯ.

ನಂಜಪ್ಪ ನನ್ನ ಕಡೆ ತಿರುಗುವ ಮೊದಲೇ ಭದ್ರಮ್ಮ, “ಗೃಹಪ್ರವೇಶದಾಗೆ ಮೊದಲ ಶಾಲು ಹೊದ್ಸಿಕೊಂಡ್ನಲ್ಲ, ಆವಯ್ಯ ಅಲ್ವಾ?” ಎಂದು ಗುರುತು ಹಿಡಿದರು. ಇಂದ್ರಮ್ಮ ಎದ್ದು ಸೀರೆ ಸರಿ ಮಾಡಿಕೊಳ್ಳುವ ನೆಪದಲ್ಲಿ ಟಿ.ವಿ.ಗೆ ಅಡ್ಡ ನಿಂತಳು. ಅವಳ ಭುಜದ ಮೇಲಿಂದ ಚಿನ್ನಸ್ವಾಮಿಯವರು ಇಣುಕಿ ನಗುತ್ತಲೇ ಇದ್ದರು. ನಾನು ರಿಮೋಟ್ ಹಿಡಿದು ಸಿಕ್ಕ ಸಿಕ್ಕ ಗುಂಡಿ ಒತ್ತಿದೆ. “ಅದ್ರಾಗೆ ಸೆಲ್ ಇಲ್ಲ” ಎಂದ ನಂಜಪ್ಪ.

ಭಾವ ಹೆಗಲಿಗೆ ಟವಲ್ ಹಾಕಿಕೊಂಡು ಎದ್ದರು. “ನಂಜ, ನಾನು ತೋಟದ ತಾವ್ಕೆ ಹೋಗ್ಬತ್ತೀನಿ. ಮದ್ವೆಗೆ ಆ ಟೈ ಕಟ್ಟಿದ್ ಮಾವನ್ನೇ ಕರ್ಕೊಂಡೋಗಿ ಹೆಣ್ಣು ಎತ್ಸಲಿ ಅಂತ ಬಂದೋರ್ಗೆ ಹೇಳು.” ಇಂದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಗಳ ಮದುವೆಯನ್ನು ನನ್ನ ಒಂದು ಬೆರಳು ಕೆಡಿಸಿತ್ತು.

ಭಾವ ಬಾಗಿಲು ದಾಟುವಾಗ ಚಿನ್ನಸ್ವಾಮಿಯವರು ಕೊನೆಗೂ ಹೋದರು. “ಅಯ್ಯೋ, ಇಲ್ನೋಡ್ರೀ, ನಿಮ್ ಮೀಸೆ!” ಎಂದು ಭದ್ರಮ್ಮ ಕೂಗಿಕೊಂಡರು. ಭಾವ ತಿರುಗಿದರು.

ಶ್ರೀವಿದ್ಯಾಳಿಗೆ ಮೊದಲ ಮುಡಿ ತೆಗೆಸಿದ ದಿನದ ಫೋಟೋ. ಸೋದರಮಾವನ ತೊಡೆಯ ಮೇಲೆ ಹನ್ನೊಂದು ತಿಂಗಳ ಮಗು, ಅರ್ಧ ತಲೆ ಬೋಳು. ಅಂದು ಕತ್ತಿ ಕಂಡು ಅವಳು ಕಿರುಚಿ ರಂಪ ಮಾಡಿದ್ದಳು, ಯಾರಿಂದಲೂ ಸಮಾಧಾನವಾಗಲಿಲ್ಲ. ಕೊನೆಗೆ ಭಾವ ತಮ್ಮ ಮೀಸೆಯನ್ನೇ ಅವಳ ಕೈಗೆ ಕೊಟ್ಟರು. ಅವಳು ಎರಡೂ ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಾ ಸುಮ್ಮನಾದಳು. ಫೋಟೋದಲ್ಲಿ ನೋವಿಗೆ ಭಾವನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಹಿಂದೆ ನಾನು ಕೊಡೆ ಹಿಡಿದು ನಿಂತಿದ್ದೇನೆ.

ನಾಗಸ್ವರ ಮುಗಿಯಿತು. ಫೋಟೋ ಹೋಗಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಭಾವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

“ನಂಜ, ನಿಂತೋಯ್ತಲ್ಲ. ಸಿ.ಡಿ. ಕೆಟ್ಟೋಗೈತಾ ಕೇಳ್ಲಾ.”

ನಂಜಪ್ಪ ಕೇಳುವವರೆಗೆ ಕಾಯಲು ನನ್ನಿಂದಾಗಲಿಲ್ಲ. “ಕೆಟ್ಟಿಲ್ಲ ಭಾವ. ನಾನು ನೋಡಿದಷ್ಟು ಹೊತ್ತು ಅದು ನಿಲ್ಲುತ್ತೆ. ಈ ಫೋಟೋ ಬಂದಾಗ ಯಾವ ಫೋನೂ ಬರಲಿಲ್ಲ. ಸುಮ್ಮನೆ ನೋಡ್ತಾ ಕೂತಿದ್ದೆ. ಇಂಥ ಮನುಷ್ಯನಿಗೆ ಎರಡನೇ ಶಾಲು ಹೊದಿಸಲು ಹೋದೆನಲ್ಲ ಅಂತ ನಾಚಿಕೆಯಾಯ್ತು. ಐದು ವರ್ಷದ ಹಿಂದೆಯೇ ಬಂದು ತಪ್ಪಾಯ್ತು ಅನ್ನಬೇಕಿತ್ತು. ಧೈರ್ಯ ಸಾಲಲಿಲ್ಲ.”

ಭಾವ ನನ್ನ ಮುಖ ನೋಡಲಿಲ್ಲ. “ಎಷ್ಟೊತ್ತು ಕೂತಿದ್ರಂತೆ ಕೇಳು.”

“ಎಷ್ಟೊತ್ತು ಅಂತವ್ರೆ.”

“ಲೆಕ್ಕ ಇಡಲಿಲ್ಲ” ಎಂದೆ.

ಇಂದ್ರಮ್ಮ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಭಾವ ಒಳಗೆ ಬಂದು ಮತ್ತೆ ಕೂತರು. ಎರಡು ಬೆರಳಲ್ಲಿ ಮೀಸೆ ಸವರಿಕೊಂಡರು, ಈಗ ಅದು ಪೂರ್ತಿ ನರೆತಿತ್ತು. ಫೋಟೋ ಇನ್ನೂ ಇತ್ತು.

“ಇಂದ್ರ, ಮಗು ಈಗ ಎಷ್ಟು ತೂಕ ಐತೆ?”

ಇಂದ್ರಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. “ಐವತ್ತೆಂಟು ಕೇಜಿ ಅಣ್ಣ. ಸೀರೆ, ಒಡವೆ ಸೇರಿ ಅರವತ್ತೆರಡು ಅನ್ಕೊ.”

“ಅಷ್ಟೊಂದು ಯಾಕೆ ತಿನ್ಸಿದ್ರಿ?” ಎನ್ನುತ್ತಾ ಭಾವ ಎದ್ದು ಟವಲನ್ನು ಸೊಂಟಕ್ಕೆ ಬಿಗಿದರು. ಮೂಲೆಯಲ್ಲಿ ರಾಗಿ ಮೂಟೆ ಇತ್ತು. ಬಗ್ಗಿ ತಬ್ಬಿದರು, ಉಸಿರು ಕಟ್ಟಿದರು. ಮೂಟೆ ಮೊಳಕಾಲವರೆಗೆ ಬಂತು, ಅಲ್ಲಿಂದ ಮೇಲೆ ಬರುವುದಿಲ್ಲ ಎಂದಿತು. “ಅಯ್ಯೋ, ನಿಮ್ ಸೊಂಟ!” ಎಂದು ಭದ್ರಮ್ಮ ನೋವಿನೆಣ್ಣೆ ತರಲು ಒಳಗೆ ಓಡಿದರು. ನಂಜಪ್ಪ ಎದ್ದು ಮುಂದೆ ಬಂದ.

“ನೀನ್ ಕೂತ್ಕೊಳ್ಲಾ” ಎಂದು ಭಾವ ಅವನನ್ನು ತಡೆದರು. ಮೂಟೆ ಕೆಳಗಿಟ್ಟು, ಏದುಸಿರು ಬಿಡುತ್ತಾ ನೇರ ನನ್ನ ಕಡೆ ತಿರುಗಿದರು.

“ಏನ್ ರಾಮಕೃಷ್ಣಪ್ಪ, ಮಿಕಮಿಕ ನೋಡ್ತಾ ನಿಂತ್ಬುಟ್ಟೆ? ಮದ್ವೆಗೆ ಇನ್ನ ಇಪ್ಪತ್ತೆರಡೇ ದಿನ. ಬಾ, ಆ ಕಡೆ ಹಿಡ್ಕೊ.”

ನಾನು ಪಂಚೆ ಎತ್ತಿ ಕಟ್ಟಿ ಮೂಟೆಯ ಇನ್ನೊಂದು ಮೂಲೆ ಹಿಡಿದೆ.